ರಾಯಪ್ಪ ಕಾಕಾನ ಮಣೆ

ಗ್ಯಾಸ್ ಬತ್ತಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ. ಗೋಕಾಕದಲ್ಲಿ ನಾಟಕ ಕಂಪನಿಯವರು ಗ್ಯಾಸ್ ಬತ್ತಿ ಹಚ್ಚಿ ತಗಡಿನ ಥೇಟರು ಹಾಕಿದ್ದಾಗ ಕೌಜಲಗಿಯಿಂದ ನಾವು ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿ ಹೋಗಿದ್ದೆವು. ಅಪ್ಪನ ಮಗ್ಗುಲಲ್ಲಿ ಅವನ ಜೀವದ ಗೆಳೆಯ ರಾಯಪ್ಪ ಕಾಕಾ ಕೂತಿದ್ದ. ನಮ್ಮ ಅಡುಗೆಮನೆಯಲ್ಲಿ ಅಪ್ಪನ ಮಣೆಯ ಪಕ್ಕ ಅವನದೂ ಒಂದು ಮಣೆ ಇತ್ತು. ದಿನಾ ಬೆಳಗ್ಗೆ ಅದರ ಮೇಲೆ ಕೂತು ಅವ್ವನಿಂದ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಖಾರ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ನಾಟಕದಲ್ಲಿ ಒಬ್ಬ, ಕೊಲೆ ಮಾಡಿದ ಗೆಳೆಯನನ್ನು ಉಳಿಸಲು ಸುಳ್ಳು ಹೇಳಿ ತಾನೇ ಗಲ್ಲಿಗೇರಿದ. ಥೇಟರಿಗೆ ಥೇಟರೇ ಅತ್ತಿತು. ಅಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ರಾಯಪ್ಪ ಕಾಕಾ ಮಾತ್ರ, "ಕೊಲಿ ಆದಾವನ ಮನ್ಯಾಗೂ ಯಾರರ ಅಳತಿರಬೇಕಲ್ಲೋ ಬಸಣ್ಣಾ," ಎಂದ. ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ.

ಆ ಸುಗ್ಗಿಯಲ್ಲಿ ಅಪ್ಪ ಪಕ್ಕದ ಹೊಲದ ಗಂಗವ್ವನ ಗಡಿಕಲ್ಲು ಸರಿಸಿದ. ಗಂಡ ಸತ್ತವಳು, ಕೇಳುವವರಿಲ್ಲ ಎಂಬ ಧೈರ್ಯ. ಕಂಡವನು ರಾಯಪ್ಪ ಕಾಕಾ ಒಬ್ಬನೇ. ಗಂಗವ್ವ ದೂರು ಕೊಟ್ಟಳು. ಪಂಚರು ಕೂಡುವ ಮುಂಚೆ ಕಾಕಾ ನಮ್ಮ ಪಡಸಾಲೆಗೆ ಬಂದು, "ಕಲ್ಲು ತಿರಗಿ ಇಡೂನು ಬಾ. ನಾನೂ ಕೈ ಹಚ್ಚತೇನಿ, ಯಾರಿಗೂ ಗೊತ್ತಾಗೂದಿಲ್ಲ," ಎಂದ.

ಅಪ್ಪ ನಕ್ಕ. "ನಾಟಕದಾಗಿನ ಗೆಳ್ಯಾ ಜೀವಾನ ಕೊಟ್ಟಾ. ನಿನಗ ಒಂದು ಸುಳ್ಳ ಹೇಳಾಕ ಆಗೂದಿಲ್ಲೇನು?"

ಚಾವಡಿಯಲ್ಲಿ ಪಂಚರ ಮುಂದೆ ಕಾಕಾ ಕೈ ಮುಗಿದು ನಿಂತನಂತೆ. "ಬಸಣ್ಣ ನನ್ನ ಜೀವದ ಗೆಳ್ಯಾ ಅದಾನ್ರಿ. ಕಲ್ಲು ಸರಿಸಿದ್ದು ಖರೆ. ನನ್ನ ಕಣ್ಣ ಮುಂದ ಆತ ಕಳ್ಳ ಆಗೂದು ಬ್ಯಾಡ್ರಿ." ಕಲ್ಲು ಹಿಂದಕ್ಕೆ ಹೋಯಿತು. ನಾಟಕಕ್ಕೆ ಅತ್ತು ಬಂದಿದ್ದ ಓಣಿಯವರೇ ಕಾಕಾನನ್ನು ಗೆಳೆತನಕ್ಕೆ ಮಣ್ಣು ಹಾಕಿದವನೆಂದು ಬಾಯಿಗೆ ಬಂದಂತೆ ಬೈದರು. ಥೂ, ಎಂಥ ಜನ.

ಮರುದಿನ ಅವನು ಎಂದಿನಂತೆ ರೊಟ್ಟಿಯ ಹೊತ್ತಿಗೆ ಬಂದ. ಅವ್ವ ಮಣೆ ಹಾಕಲಿಲ್ಲ. ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. ಕಾಕಾ ಬರಿಯ ನೆಲ ನೋಡಿದ, ನನ್ನ ತಲೆ ಸವರಿ, "ಬರತೇನಿ ತಂಗಿ," ಎಂದು ಹೋದ. ಸಂಜೆಗೆ ಆ ಮಣೆ ನೀರೊಲೆ ಸೇರಿತ್ತು.

ಆ ಮನೆ ಈಗಿಲ್ಲ, ಅವರಾರೂ ಇಲ್ಲ. ಅಪ್ಪನನ್ನು ನೆನೆದರೆ ಕಣ್ಣು ತುಂಬುತ್ತದೆ, ಜೊತೆಗೇ ಹೇಸಿಗೆಯೂ ಬರುತ್ತದೆ. ಎರಡನ್ನೂ ಬಿಡಿಸಲು ನನಗಾಗಿಲ್ಲ. ಮಣೆ ಸುಟ್ಟ ಮರುವರ್ಷ ಅದೇ ಕಂಪನಿ ಅದೇ ನಾಟಕ ತಂದಿತು. ಅಪ್ಪ ಚಕ್ಕಡಿ ಹೂಡಿಸಿಕೊಂಡು ಹೋಗಿ, ಗಲ್ಲಿಗೇರುವ ಗೆಳೆಯನಿಗಾಗಿ ಮತ್ತೆ ಬಿಕ್ಕಿ ಬಿಕ್ಕಿ ಅತ್ತ. ಆಗಿನ್ನೂ ರಾಯಪ್ಪ ಕಾಕಾ ನಮ್ಮ ಓಣಿಯ ತುದಿಯಲ್ಲಿ ಬದುಕಿಯೇ ಇದ್ದ.