ನಾಲ್ಕನೇ ಹಾರ್ನ್

ನಾನು ಮೊದಲಿನಿಂದಲೂ ಅನುಮಾನದ ಮನುಷ್ಯ. ಹಣ್ಣಿನವನು ಒಂದು ಹೆಚ್ಚು ಹಾಕಿದರೂ, ಕೊಳೆತದ್ದಿರಬೇಕು ಎಂದು ತಿರುಗಿಸಿ ನೋಡುವವನು. ಅಂಥವನಿಗೆ ಗೆಳೆಯ, "ನಾಲ್ಕನೇ ಹಾರ್ನಿಗೂ ಒಂದು ಲೈನ್ ಬರಿಯಲೇ. ತಗ್ಗಿನ ಸ್ವರ ಇರಲಿ, ನಡುವ ಉಸಿರು ತಗೊಳಾಕ ಜಾಗಾ ಇಡು" ಎಂದರೆ ಸುಮ್ಮನೆ ಹೇಗೆ ಬರೆಯಲಿ?

ನಾನು, ಇವನು, ಇನ್ನೊಬ್ಬ ಗೆಳೆಯ, ಮೂವರೂ ಒಬ್ಬರೇ ಗುರುಗಳ ಹತ್ತಿರ ಹಾರ್ನ್ ಕಲಿತವರು. ಹಾರ್ನ್ ಎಂದರೆ ಗಾಡಿಯದಲ್ಲ, ಸುರುಳಿ ಸುತ್ತಿದ ಹಿತ್ತಾಳೆಯ ವಾದ್ಯ. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಸರ್ ಈಗ ಖಾನಾಪುರದಲ್ಲಿದ್ದಾರೆ. ಬೆಳಗಾವಿಯಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಅವರನ್ನು ವೇದಿಕೆಯ ಕುರ್ಚಿಯಲ್ಲಿ ಕೂಡಿಸಿ, ಅವರಿಗೆ ಇಷ್ಟವಾದ ಆರ್ಕೆಸ್ಟ್ರಾ ಸಂಗೀತವೊಂದನ್ನು ಬರೀ ಹಾರ್ನ್‌ಗಳಲ್ಲಿ ಕೇಳಿಸುವುದು ನಮ್ಮ ಗುಟ್ಟು. ಅಷ್ಟೊಂದು ಪಿಟೀಲುಗಳ ಕೆಲಸವನ್ನು ಮೂರು ಹಾರ್ನ್‌ಗಳಿಗೆ ಹಂಚುವ ತಲೆನೋವು ನನ್ನದು.

"ನಾಲ್ಕನೇದು ಯಾರು ಬಾರಸ್ತಾರ?"

"ಯಾರರೆ ಸಿಗ್ತಾರ ಬಿಡೋ."

ಸಿಗುವವನು ಇವನ ಹೆಂಡತಿಯ ತಮ್ಮನೇ ಎಂದು ಖಾತ್ರಿಯಾಯಿತು. ಮದುವೆ ಬ್ಯಾಂಡಿನಲ್ಲಿ ಕಿವಿ ಹರಿಯುವಂತೆ ಊದುವ ಆಸಾಮಿ ಅವನು. ಗೊಣಗುತ್ತಲೇ ಬರೆದುಕೊಟ್ಟೆ. ಬರೆದಮೇಲೆ ಸಂಗೀತ ಮೊದಲಿಗಿಂತ ತುಂಬಿಕೊಂಡಿತು, ಅದೊಂದು ಬೇರೆ ಹೊಟ್ಟೆಯುರಿ.

ಫೌಂಡ್ರಿಯಲ್ಲಿ ದುಡಿಯುವ ಈ ಗೆಳೆಯ ಆಮೇಲೆ ಭಾನುವಾರದ ಪ್ರಾಕ್ಟೀಸಿಗೇ ಬರಲೊಲ್ಲ. ಕೇಳಿದರೆ ಖಾನಾಪುರದ ಆಚೆ, ಹಲಸಿಯ ಮಾವನ ಮನೆಯಲ್ಲಿ ಕೆಲಸವಂತೆ. ಮಾವನ ಮನೆಗೆ ಹಾರ್ನ್ ಪೆಟ್ಟಿಗೆ ಯಾಕೆ? ಗುಟ್ಟು ಬಿಟ್ಟುಕೊಟ್ಟು, ನಾನು ಬರೆದದ್ದರಲ್ಲಿ ಸರ್ ಕೈಯಿಂದ ತಪ್ಪು ಹುಡುಕಿಸುತ್ತಿದ್ದಾನೆ ಎನ್ನಿಸಿ, ಒಂದು ಭಾನುವಾರ ಖಾನಾಪುರದ ಬಸ್ ಹತ್ತಿದೆ.

ಸರ್ ಮನೆಯ ಮೆಟ್ಟಿಲಲ್ಲೇ ನಿಂತೆ. ಒಳಗೆ ಯಾರೋ ನನ್ನ ನಾಲ್ಕನೇ ಲೈನ್ ಊದುತ್ತಿದ್ದರು. ಸ್ವರ ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲ್ಲಿಂದಲೇ ಶುರುವಾಗುತ್ತಿತ್ತು. ಇಣುಕಿದರೆ, ಗೆಳೆಯನ ಹಾರ್ನ್ ಹಿಡಿದು ಕೂತವರು ಸರ್; ಗೆಳೆಯ ಪಕ್ಕದಲ್ಲಿ ಕೂತಿದ್ದ.

"ಬಾ, ಕುಂದರು. ಶಾಲು ಹೊತಗೊಂಡು ಕುರ್ಚಿ ಮ್ಯಾಲ ಕುಂತು ನಿಮ್ಮದು ಕೇಳೂದು ನನ್ನ ಕಡೆ ಆಗೂದಿಲ್ಲ. ನಿಮ್ಮ ಬಾಜು ಕುಂತು ಬಾರಸ್ತೀನಿ."

ಹಲ್ಲು ಕಟ್ಟಿಸಿಕೊಂಡ ಮೇಲೆ ಅವರು ಹಾರ್ನ್ ಮುಟ್ಟಿರಲಿಲ್ಲ. ಅವರೂ ಊದಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.

ಆದರೆ ಅನುಮಾನದಲ್ಲೂ ಸರ್ ನನ್ನ ಗುರುವೇ. "ಇದು ಭಾಳ ಹಗರ ಐತಿ. ಮುದುಕ ಬರ್ತಾನಂತ ಇಡೀ ಮ್ಯೂಸಿಕ್ಕೇ ಹಗರ ಮಾಡಿರೇನು? ಹಂಗಿದ್ರ ನಾ ಬರೂದಿಲ್ಲ."

"ನೀವು ಬಾರಸ್ತೀರಂತ ನನಗ ಗೊತ್ತೇ ಇದ್ದಿಲ್ರಿ ಸರ."

ನಂಬಲಿಲ್ಲ. ಹಾರ್ನ್ ನನ್ನ ಕೈಗಿಟ್ಟು, "ನಿಂದು ಬಾರಸು" ಎಂದರು.

ಊದಿದೆ. ಮೇಲಿನ ಸ್ವರದಲ್ಲಿ ಒಡೆದು, ಎಮ್ಮೆ ಕೂಗಿದಂತಾಯಿತು. ಸರ್ ಮುಖ ಅರಳಿತು. "ಇಲ್ಲ, ಹಗರ ಮಾಡಿಲ್ಲ, ಖರೇನ ಬರದಿ" ಎಂದು ಹಾರ್ನ್ ಇಸಿದುಕೊಂಡು, ತುಟಿ ಒರೆಸಿ, ಮೊದಲಿನಿಂದ ಶುರು ಮಾಡಿದರು.

ವಾಪಸು ಬರುವಾಗ ಗೆಳೆಯ ಗಾಡಿ ನಿಧಾನ ಮಾಡಿ, "ಬೇಕಂತನ ತಪ್ಪಿದಿ, ಹೌದಲ್ಲ?" ಎಂದ.

ಇಲ್ಲ, ಖರೇನೇ ತಪ್ಪಿತು ಎಂದೆ. ಅವನು ನಂಬಲಿಲ್ಲ.