ಅಣ್ಣನಿಗೆ ರೈಫಲ್, ತಮ್ಮನಿಗೆ ಬೋಲ್ಟ್

1981ರ ಅಕ್ಟೋಬರ್ 18, ಬೆಳಿಗ್ಗೆ 6.10. ಕುಷ್ಟಗಿ ಬಳಿಯ ನಮ್ಮೂರಿನ ಹೊಲದಲ್ಲಿ ನಿಂತು ದೊಡ್ಡಪ್ಪ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮಪ್ಪನನ್ನು ಕೂಗಿದ: "ತಮ್ಮಾ, ಶೇಂಗಾದಾಗ ಹಂದಿ ಹೊಕ್ಕಾವು! ಬೋಲ್ಟ್ ತಗೊಂಡು ಬಾರೋ!"

ಆಸ್ತಿ ಪಾಲಾದಾಗ ಅಜ್ಜನ ಹಳೆಯ ರೈಫಲ್ಲನ್ನು ಇಬ್ಬರೂ ಬಿಟ್ಟುಕೊಡಲಿಲ್ಲ. ಕೊನೆಗೆ ಊರ ಹಿರಿಯರು ರೈಫಲ್ಲನ್ನು ಅಣ್ಣನಿಗೆ, ಗುಂಡು ತುಂಬಲು ಎಳೆಯುವ ಅದರ ಬೋಲ್ಟನ್ನು ತಮ್ಮನಿಗೆ ಕೊಟ್ಟರು. ಅಂದಿನಿಂದ ಮಾತು ನಿಂತಿತ್ತು. ಅದೊಂದು ಅಗ್ಗದ ಬೇಟೆ ಬಂದೂಕು. ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿದ್ದರಿಂದ ಬೇರೆ ಬೋಲ್ಟ್ ಸಿಗುವುದಿಲ್ಲ. ಹೊಸ ಬಂದೂಕು ಕೊಳ್ಳಿರೆಂದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು.

ಅಪ್ಪ ಬೇಳೆ ಡಬ್ಬಿಯಿಂದ ಬೋಲ್ಟ್ ತೆಗೆದು ಬರಿಗಾಲಲ್ಲೇ ಓಡಿದ. ಹಿಂದೆ ನಾನು. ಎರಡು ವರ್ಷ ಅಗಲಿದ್ದೇ ಸುಳ್ಳೆಂಬಂತೆ ಬೋಲ್ಟ್ ರೈಫಲ್ಲಿನಲ್ಲಿ ಖಟಕ್ಕನೆ ಕೂತಿತು. ಆಕಾಶಕ್ಕೆ ಒಂದೇ ಗುಂಡು; ಹಂದಿಗಳ ಹಿಂಡು ಗುಡ್ಡದ ಕಡೆ ದೌಡಾಯಿಸಿತು! ಶೇಂಗಾ ಉಳಿಯಿತೆಂದು ನಾನು ಬದುವಿನ ಮೇಲೆ ಕುಣಿದಾಡಿಬಿಟ್ಟೆ.

"ಬೋಲ್ಟಿಗೆ ಎಷ್ಟು ಎಣ್ಣಿ ಹಚ್ಚೀಯೋ? ಕೈಯಾಗ ನಿಲ್ಲವಲ್ದು" ಎಂದ ದೊಡ್ಡಪ್ಪ.

"ನಿನ್ನ ನಳಿಗಿ ತುಕ್ಕು ಮೊದ್ಲ ನೋಡ್ಕೋ ಅಣ್ಣಾ" ಎನ್ನುತ್ತ ಅಪ್ಪ ಬೋಲ್ಟ್ ಬಿಚ್ಚಿ ಮತ್ತೆ ಜೇಬಿಗಿಳಿಸಿದ.

ದೊಡ್ಡಪ್ಪ ಆ ಜೇಬನ್ನೇ ನೋಡಿದ. "ಒಯ್ಯಿ, ಒಯ್ಯಿ. ಚಾ ಕುಡದು ಒಯ್ಯಿ."

ಅಂದಿನಿಂದ ಹಂದಿ ಬಂದದ್ದು ಮೂರು ಸಲ; ಅಪ್ಪ ಬೋಲ್ಟ್ ಹಿಡಿದು ದೊಡ್ಡಪ್ಪನ ಮನೆಗೆ ಚಹಾಕ್ಕೆ ಹೋದದ್ದು ಹತ್ತೊಂಬತ್ತು ಸಲ. ಇಂಥ ರೈಫಲ್ಲಿನ ಇನ್ನೊಂದು ಬೋಲ್ಟ್ ಎಲ್ಲಾದರೂ ಇದೆಯೆಂದು ಬಲ್ಲವರು ನನಗೆ ಬರೆಯಿರಿ. ಅವರಿಬ್ಬರಿಗೆ ಮಾತ್ರ ಹೇಳಬೇಡಿ.