ವಾಲ್ವು ಉಜ್ಜಿದ ಕೈ

ಕಾಳಿಯಮ್ಮಾಳಿಗೆ ಸಿಟ್ಟು ಬಂದರೆ ಕಂಬಂ ಬಸ್‌ ಸ್ಟ್ಯಾಂಡಿಗೇ ಕೇಳಿಸುತ್ತದೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು! ಅವಳು ಒಂಬತ್ತು ವರ್ಷ ನುಂಗಿಕೊಂಡದ್ದು ಒಬ್ಬರ ಕಿವಿಗೂ ಬಿದ್ದಿರಲಿಲ್ಲ.

ಗಂಡ ಜೆಯರಾಜ್‌ಗೆ ಉತ್ತಮಪಾಳಯಂ ರಸ್ತೆಯಲ್ಲಿ ತಗಡಿನ ಶೆಡ್ಡು, ಕಾರು ಲಾರಿ ರಿಪೇರಿ. ಒಮ್ಮೆ ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಬಡಿದು ಅವನ ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಸ್ಪ್ಯಾನರ್ ಹಿಡಿಯಬಲ್ಲ, ಎಂಜಿನ್ನಿನೊಳಗಿನ ತೂತು ಮುಚ್ಚಿ ತೆರೆಯುವ ವಾಲ್ವು ಉಜ್ಜಲಾರ. ವಾಲ್ವಿನ ಅಂಚಿಗೆ ಮರಳುಮರಳಾದ ಪೇಸ್ಟು ಸವರಿ, ತಲೆಗೆ ಕೋಲು ಅಂಟಿಸಿ, ಬೇಳೆ ಕಡೆಯುವ ಮಂತಿನ ಹಾಗೆ ಎರಡು ಅಂಗೈ ನಡುವೆ ತಿರುಗಿಸಬೇಕು. ವಾಲ್ವು ತನ್ನ ಜಾಗದಲ್ಲಿ ಗಾಳಿಯೂ ಸುಳಿಯದಂತೆ ಕೂರುವವರೆಗೆ ಬಿಡುವಂತಿಲ್ಲ. ಅಂದಿನಿಂದ ಆ ಶೆಡ್ಡಿಗೆ ಬಂದ ಪ್ರತಿ ವಾಲ್ವನ್ನೂ ಉಜ್ಜಿದ್ದು ಕಾಳಿಯಮ್ಮಾಳ್, ಅದೂ ಗೋಣಿ ಪರದೆಯ ಹಿಂದೆ ಕೂತು. "ಪೊಂಬಳೆ ಕೈ, ಹೆಂಗಸಿನ ಕೈ ಅಂತ ಗೊತ್ತಾದ್ರೆ ಗಿರಾಕಿ ಬರಲ್ಲ" ಎಂದು ಗಂಡ ಹೇಳಿದ್ದ. ಅವಳು ನಂಬಿದ್ದಳು.

ಹೀಗೆ ಒಂಬತ್ತು ವರ್ಷ ಕಳೆದ ಮೇಲೆ, 1965ರಲ್ಲಿ, ದ್ರಾಕ್ಷಿ ತೋಟದ ಸೇಕರ್ ತನ್ನ ಪುಟ್ಟ ಕಾರು ತಂದ. ನೆಂಟರ ಪೈಕಿ, ಜೆಯರಾಜ್‌ನನ್ನು ಮಾವ ಅನ್ನುವವನು. ಕಾರಿನ ಜೊತೆ ಮದರಾಸಿನ ಕಾರು ಪಂದ್ಯದವರಿಂದ ಗಿಟ್ಟಿಸಿದ ಕ್ಯಾಂಶಾಫ್ಟೂ ಬಂದಿತ್ತು. ವಾಲ್ವುಗಳನ್ನು ಎತ್ತಿ ಇಳಿಸುವ ಗುಬುಟುಗಳಿರುವ ಉಕ್ಕಿನ ಸರಳು ಅದು. ಇದರ ಗುಬುಟುಗಳು ಮಾಮೂಲಿಗಿಂತ ಎತ್ತರ. "ಇದು ನಿಂತಾಗ ನಡುಗ್ತೈತೆ, ಓಡಿದಾಗ ಹಾರ್ತೈತೆ" ಎಂದು ಜೆಯರಾಜೇ ಹೆಂಡತಿಗೆ ಹೇಳಿದ. ಅವನು ಶಾಫ್ಟು ಕೂರಿಸಿದ, ಅವಳು ಎಂಟು ವಾಲ್ವು ಉಜ್ಜಿದಳು. ಆಗಲೇ ಸೇಕರ್ ಕೂಗದೆ ಒಳಗೆ ನುಗ್ಗಿ, ಪರದೆ ಸರಿಸಿ, ನೋಡಿಬಿಟ್ಟ.

ಮರುದಿನ ಎಂಜಿನ್ ಚಾಲೂ ಮಾಡಿದರೆ ಕಾರು ಗಡಗಡ ನಡುಗಿತು.

"ಪೊಂಬಳೆ ಕೈ ಇಕ್ಕಿದ್ರೆ ಇನ್ನೇನಾಗ್ತೈತೆ ಮಾವ?" ಎಂದ ಸೇಕರ್.

ಜೆಯರಾಜ್ ಏನೆನ್ನಬೇಕಿತ್ತು? ಆ ಶಾಫ್ಟಿನ ಗುಣವೇ ಅಷ್ಟು ಎನ್ನಬೇಕಿತ್ತು. ಆ ಮಹಾರಾಯ ಹಲ್ಲು ಕಿರಿದು, "ತಪ್ಪಾಯ್ತಪ್ಪಾ. ಅವ್ಳಿಗೇನ್ ತಿಳಿಯುತ್ತೆ? ನಾನೇ ಬಿಚ್ಚಿ ಸರಿ ಮಾಡ್ತೀನಿ" ಅಂದ. ಪರದೆಯ ಹಿಂದೆ ಕಾಳಿಯಮ್ಮಾಳಿಗೆ ಅಡಿಯಿಂದ ಮುಡಿಯವರೆಗೂ ಉರಿದುಹೋಯಿತು. ಸೇಕರ್ ದಡ್ಡ, ಗೊತ್ತಿಲ್ಲದೆ ಅಂದ. ಇವನಿಗೆ ಗೊತ್ತಿತ್ತಲ್ಲ!

ವಾಲ್ವುಗಳು ಕೂತಿರುವ ಎಂಜಿನ್ನಿನ ತಲೆಯನ್ನು ಜೆಯರಾಜ್ ಬಿಚ್ಚಿ ಬೆಂಚಿನ ಮೇಲೆ ಇಟ್ಟ ಕೂಡಲೇ ಅವಳು ಹೊರಗೆ ಬಂದಳು. ಅದನ್ನು ಅಂಗಾತ ಮಲಗಿಸಿ, ವಾಲ್ವುಗಳ ಮೇಲಿನ ಗುಳಿಗಳಿಗೆಲ್ಲ ಸೀಮೆಎಣ್ಣೆ ಸುರಿದಳು.

"ಕುಂತ್ಕೋ ಸೇಕರು, ಕಾಪಿ ಕುಡಿ. ಒಂದ್ ತೊಟ್ಟು ಕೆಳಕ್ಕಿಳಿದ್ರೆ ಈ ಕೈನ ಒಲೆಗಿಕ್ತೀನಿ."

ಕಾಪಿ ಮುಗಿಯಿತು. ಅವಳು ಕೆಳಗಿನ ತೂತುಗಳಿಗೆ ಸೇಕರನ ಬೆರಳನ್ನೇ ಹಿಡಿದು ತುರುಕಿದಳು. ಬೆರಳು ಒಣಗಿದ್ದ ಹಾಗೇ ಹೊರಬಂತು, ಒಂದು ತೊಟ್ಟೂ ಸೋರಿರಲಿಲ್ಲ.

"ಮತ್ಯಾಕೆ ನಡುಗ್ತು?" ಎಂದು ಅವನು ಕೇಳಿದ್ದು ಅವಳನ್ನಲ್ಲ, ಜೆಯರಾಜ್‌ನನ್ನು. ಜೆಯರಾಜ್ ನಟ್ಟು ಎಣಿಸುತ್ತಿದ್ದ.

"ನೀ ತಂದಿದ್ದು ಓಡಕ್ಕೆ ಮಾಡಿದ್ದು" ಎಂದಳು ಅವಳೇ. "ಕಾಲ್ ಒತ್ತಿ ಓಡ್ಸಿ ನೋಡು, ಆಮೇಲ್ ಮಾತಾಡು."

ಜೋಡಿಸಿ ಕೊಟ್ಟ ಮೇಲೆ ಸೇಕರ್ ತೇನಿವರೆಗೆ ಓಡಿಸಿ ಬಂದ. ಮುಖವೆಲ್ಲ ಧೂಳು, ಧೂಳಿನ ತುಂಬ ನಗು. "ಏನ್ ಕೈ ಮಾವ ನಿಮ್ದು! ಚಿನ್ನಮನೂರ್ ದಾಟೋಕ್ ಮುಂಚೆ ಮೂರ್ ಬಸ್ಸು ಹಿಂದಾಕ್ದೆ!" ಜೆಯರಾಜ್ ಸೊಟ್ಟ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಕ್ಕ. ಕಾರು ನಡುಗಿದರೆ ಅವಳ ಕೈ, ಹಾರಿದರೆ ಇವನ ಕೈ! ಕಾಳಿಯಮ್ಮಾಳ್ ಉಜ್ಜುವ ಕೋಲನ್ನು ಅವನ ಕಾಲ ಬುಡಕ್ಕೆ ಎಸೆದು ಮನೆಗೆ ನಡೆದಳು.

ಮುಂದಿನ ವಾರ ಒಡ್ಡನ್‌ಛತ್ರಂಗೆ ತರಕಾರಿ ಹೊರುವ ಚಿನ್ನತಂಬಿಯ ಲಾರಿ ಬಂತು. ಜೆಯರಾಜ್ ತಾನೇ ಉಜ್ಜಲು ಕೂತ. ಸೀಮೆಎಣ್ಣೆ ಜರಡಿಯಲ್ಲಿ ಸುರಿದಂತೆ ಸೋರಿತು. ಉಜ್ಜುವ ಕೋಲು ಹಿಡಿದು ಮನೆ ಬಾಗಿಲಿಗೆ ಬಂದ.

"ಯಾರ ಕೈ ಅಂತ ಮೊದ್ಲು ಗಿರಾಕಿಗೆ ಹೇಳಿ" ಎಂದಳು.

ಶೆಡ್ಡಿಗೆ ಹೋಗಿ ಅವನು ಚಿನ್ನತಂಬಿಯ ಮುಂದೆ ಏನೋ ಗೊಣಗಿದ.

"ಕೇಳಿಸ್ಲಿಲ್ಲ!" ಎಂದಳು ಹಿಂದೆಯೇ ಬಂದ ಕಾಳಿಯಮ್ಮಾಳ್.

"ವಾಲ್ವು ಉಜ್ಜೋದು ನನ್ ಹೆಂಡ್ತಿ! ಒಂಬತ್ ವರ್ಷದಿಂದ ಅವ್ಳೇ!" ಎಂದು ಜೆಯರಾಜ್ ಅರಚಿದ. ಎದುರಿನ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು.

ಚಿನ್ನತಂಬಿ ಬೀಡಿ ಬಾಯಿಂದ ತೆಗೆದ. "ಅದಕ್ಕೇನೀಗ? ಲಾರಿ ನಾಳೆ ಹೊರಡುತ್ತೋ ಇಲ್ವೋ ಹೇಳಪ್ಪ."

ಅಷ್ಟೇ. ಕಾಳಿಯಮ್ಮಾಳ್ ಗಂಡನ ಮುಖವನ್ನೇ ನೋಡಿದಳು.

"ಒಂಬತ್ ವರ್ಷ ನನ್ನ ಬಚ್ಚಿಟ್ಟಿದ್ದು ಇಷ್ಟಕ್ಕಾ?"

ಅವಳು ಗೋಣಿ ಪರದೆಯನ್ನು ಹರಿದೆಳೆದು ರಸ್ತೆಯ ಕಡೆ ಹಾಸಿದಳು, ಅದರ ಮೇಲೆ ಕೂತು ಗಂಡನ ಕೈಯಲ್ಲಿದ್ದ ಕೋಲಿಗೆ ಕೈ ಚಾಚಿದಳು.